ಮಡಿಲಿಗೆ ಬಿದ್ದ ಕೆಂಪಕ್ಕಿ

ನಮ್ಮ ಮನೆಗೆ ದಿನಸಿ ತರುತ್ತಿದ್ದವಳು ನಾನು. ನಮ್ಮನೆಯವರಿಗೆ ಆ ಕೆಲಸ ವಹಿಸಿದರೆ ಅಂಗಡಿಯವನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಹುಳು ಬಿದ್ದ ಕಡಲೆಬೇಳೆ ಹೊತ್ತು ತರುತ್ತಿದ್ದರು. ಅವರು ತುಮಕೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಸಂಬಳದ ದಿನ ಮನೆಖರ್ಚಿನ ದುಡ್ಡನ್ನು ನನ್ನ ಕೈಗೆ ಕೊಟ್ಟರೆ ಮುಗಿಯಿತು, ಮುಂದಿನ ಸಂಬಳದವರೆಗೆ ಆ ಮಾತೆತ್ತುತ್ತಿರಲಿಲ್ಲ. ನಾನು ಗುಬ್ಬಿಯ ದಿನಸಿ ಅಂಗಡಿಯವರ ಮಗಳು, ಅಪ್ಪನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕೂತು ಬೆಳೆದವಳು. ಬೇಳೆಯನ್ನು ಅಂಗೈ ಮೇಲೆ ಹರಡಿದರೆ ಅದು ಹೊಸದೋ ಹಳೆಯದೋ, ಹೊಳಪಿಗೆಂದು ಎಣ್ಣೆ ಸವರಿದ್ದೋ ಹೇಳಬಲ್ಲೆ. ಈ ಒಂದು ವಿಷಯದಲ್ಲಿ ನನಗೆ ಜಂಭ ಇತ್ತು. ಈಗಲೂ ಇದೆ.

ತಿಂಗಳಿಗೊಂದು ಸಲ ಸೋಮೇಶ್ವರಪುರದ ಬಾಡಿಗೆ ಮನೆಯಿಂದ ಮಂಡಿಪೇಟೆಗೆ ಹೋಗಿ ಸಾಮಾನು ತಂದರೆ ನಾಲ್ಕು ಜನರ ಮನೆ ಹೇಗೋ ನಡೆಯುತ್ತಿತ್ತು. ಆ ನಾಲ್ಕು ಜನ ಅಂದರೆ ನಾವಿಬ್ಬರು, ನಮ್ಮ ಮಗಳು, ಮತ್ತು ನಮ್ಮ ಅತ್ತೆ. ಮಾವ ತೀರಿಕೊಂಡ ಮೇಲೆ ಅತ್ತೆ ಊರು ಬಿಟ್ಟು ನಮ್ಮ ಜೊತೆಗೇ ಬಂದಿದ್ದರು. ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ, ಎರಡು ಸಾವಿರದ ಆಚೀಚೆ, ಅತ್ತೆಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಬಿಳಿ ಅಕ್ಕಿ ಬಿಡಿ, ಪಾಲಿಶ್ ಮಾಡದ ಅಕ್ಕಿ ಸ್ವಲ್ಪ ಸ್ವಲ್ಪ ಉಣ್ಣಿ, ಮುದ್ದೆ, ನವಣೆ ಆಗಬಹುದು ಎಂದರು. ಮುದ್ದೆ ಮನೆಯಲ್ಲೇ ಇತ್ತು. ಪಾಲಿಶ್ ಮಾಡದ ಅಕ್ಕಿಯನ್ನು ಮಂಡಿಪೇಟೆಯಲ್ಲಿ ಕೇಳಿದರೆ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅಂಥ ಅಕ್ಕಿ ಈಗ ಯಾರು ತಗೊಳ್ತಾರೆ ಅಕ್ಕ, ಅಂದ.

ತಗೊಳ್ಳುವವರು ಇದ್ದರು. ಊರಿನಲ್ಲಿ ಆಗಷ್ಟೇ ಒಂದು ಸಾವಯವ ಅಂಗಡಿ ಶುರುವಾಗಿತ್ತು. ಕಾಲೇಜಿನಲ್ಲಿ ಪಾಠ ಹೇಳಿ ರಿಟೈರಾದವರೊಬ್ಬರು ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅದನ್ನು ನಡೆಸುತ್ತಿದ್ದರು. ಬೆಳ್ಳಾವಿ, ಗೂಳೂರು ಕಡೆಯ ಕೆಲವು ರೈತರು ಗೊಬ್ಬರದಂಗಡಿಯ ಮುಖ ನೋಡದೆ ಬೆಳೆದದ್ದನ್ನು ತಂದು ಹಾಕುತ್ತಿದ್ದರು. ಗೋಣಿಚೀಲದ ಬಾಯಿ ಮಡಿಸಿ, ಒಳಗೆ ರಟ್ಟಿನ ತುಂಡೊಂದು ಸಿಕ್ಕಿಸಿ, ಅದರ ಮೇಲೆ ಹೆಸರು ಮತ್ತು ಬೆಲೆ ಬರೆದಿರುತ್ತಿದ್ದರು. ಮೇಷ್ಟರು ತೂಕ ಹಾಕುವುದಕ್ಕಿಂತ ಹೆಚ್ಚಾಗಿ ಮಾತಾಡುತ್ತಿದ್ದರು. ಅರ್ಧ ಕೆ.ಜಿ. ನವಣೆ ಕೇಳಿದರೆ ಭೂಮಿ ಹೇಗೆ ಕೆಟ್ಟಿತು ಎಂಬಲ್ಲಿಂದ ಶುರು ಮಾಡಿ ನವಣೆಯ ಹತ್ತಿರ ಬರುವಷ್ಟರಲ್ಲಿ ನನ್ನ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು. ಅಲ್ಲಿಗೆ ಬರುತ್ತಿದ್ದವರು ಬಹುಪಾಲು ಕಾರಿನವರು, ಬೆಲೆ ಕೇಳದೆ ಚೀಲ ತುಂಬಿಸಿಕೊಳ್ಳುವವರು. ನಾನು ಪ್ರತಿಯೊಂದರ ಬೆಲೆಯನ್ನೂ ಕೇಳುತ್ತಿದ್ದೆ. ರಟ್ಟಿನ ಮೇಲೆ ಬರೆದದ್ದನ್ನು ಓದಿದ ಮೇಲೂ ಕೇಳುತ್ತಿದ್ದೆ. ಬಾಯಿಬಿಟ್ಟು ಹೇಳುವಾಗ ಕೆಲವರು ನಾಚಿಕೊಂಡು ಸ್ವಲ್ಪ ಇಳಿಸುತ್ತಾರೆ ಎನ್ನುವುದು ಅಪ್ಪನ ಅಂಗಡಿಯಲ್ಲಿ ಕಲಿತದ್ದು. ಮೇಷ್ಟರು ಇಳಿಸುತ್ತಿರಲಿಲ್ಲ, ಅವರಿಗೆ ನಾಚಿಕೆ ಇರಲಿಲ್ಲ.

ಒಮ್ಮೆ ಅಪ್ಪ ಗುಬ್ಬಿಯಿಂದ ಬಂದಿದ್ದಾಗ ಅವರನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅಪ್ಪ ಕೆಂಪಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದು ಮೂಸಿ, ಬೆಲೆ ಓದಿ, ಏನೂ ಹೇಳದೆ ಆಚೆ ಬಂದರು. ರಸ್ತೆಗೆ ಬಂದ ಮೇಲೆ, "ನಾವು ತೌಡು ತೆಗೆದು ದುಡ್ಡು ಮಾಡಿದ್ವಿ ಕಣಮ್ಮ, ಇವ್ರು ತೌಡು ತೆಗೀದೇನೇ ಮಾಡ್ತಾವ್ರೆ" ಅಂದರು. ಅಸೂಯೆಯಿಂದಲೇ ಹೇಳಿದರು ಅಂತ ಕಾಣುತ್ತದೆ.

ಆ ಅಂಗಡಿಯಲ್ಲಿ ಇಡೀ ತಿಂಗಳ ಸಾಮಾನು ಕೊಳ್ಳುವುದು ಗುಮಾಸ್ತರ ಸಂಬಳದಲ್ಲಿ ಆಗುವ ಮಾತಲ್ಲ. ನಾನು ನನ್ನದೇ ದಾರಿ ಕಂಡುಕೊಂಡೆ. ಅತ್ತೆಗೆ ಮಾತ್ರ ಅಲ್ಲಿನ ಕೆಂಪಕ್ಕಿ, ನಮಗೆ ಮೂವರಿಗೆ ಮಂಡಿಪೇಟೆಯ ಸೋನಾ ಮಸೂರಿ. ಇಡೀ ನವಣೆಗಿಂತ ಅದರ ನುಚ್ಚು ಅಗ್ಗ, ಉಪ್ಪಿಟ್ಟಿಗೆ ಅದೇ ಸಾಕು. ಗಾಣದ ಎಣ್ಣೆ ಒಗ್ಗರಣೆಗೆ ಮಾತ್ರ, ಕರಿಯುವುದಕ್ಕೆ ಮಾಮೂಲಿ ಎಣ್ಣೆ. ಮಗಳ ರಾಗಿ ಗಂಜಿಗೆ ಅಲ್ಲಿನ ಕಪ್ಪು ಬೆಲ್ಲ ಒಂದಿಷ್ಟು. ಇದಕ್ಕೆಲ್ಲ ಜಾಗ ಮಾಡಲು ಬಿಸ್ಕತ್ತಿನ ಪೊಟ್ಟಣ ನಿಂತಿತು, ಕಾಫಿಪುಡಿಯಲ್ಲಿ ಚಿಕೋರಿ ಜಾಸ್ತಿಯಾಯಿತು, ತೊಗರಿಬೇಳೆಯ ಸಾರು ವಾರದಲ್ಲಿ ಮೂರು ನಾಲ್ಕು ದಿನ ಹುರುಳಿ, ಅಲಸಂದೆಯ ಕಡೆ ತಿರುಗಿತು. ನಮ್ಮನೆಯವರು ಕಾಫಿ ಕುಡಿದು ಮುಖ ಹಿಂಡುತ್ತಿದ್ದರು, ಆದರೆ ಕಾರಣ ಗೊತ್ತಿದ್ದರಿಂದ ಸುಮ್ಮನಿರುತ್ತಿದ್ದರು.

ಅತ್ತೆಗೆ ಮೊದಮೊದಲು ಆ ಅನ್ನ ಸೇರಲಿಲ್ಲ. "ಇದೇನಮ್ಮಿ, ಎಷ್ಟು ಅಗಿದ್ರೂ ಗಂಟ್ಲಲ್ಲಿ ಇಳಿಯಲ್ಲ" ಅನ್ನುತ್ತಿದ್ದರು. ಒಂದು ದಿನ ನಾನು ನಮ್ಮನೆಯವರಿಗೆ ಅದರ ಬೆಲೆ ಹೇಳುತ್ತಿದ್ದದ್ದು ಅವರ ಕಿವಿಗೆ ಬಿತ್ತು. ನಮ್ಮ ಅಕ್ಕಿಯ ಎರಡರಷ್ಟು ಬೆಲೆ ಅಂತ ತಿಳಿದ ಕ್ಷಣದಿಂದ ಅತ್ತೆಗೆ ಅದರ ಮೇಲೆ ಗೌರವ ಹುಟ್ಟಿತು. ತಟ್ಟೆಯಲ್ಲಿ ಒಂದು ಅಗುಳೂ ಬಿಡುತ್ತಿರಲಿಲ್ಲ. ಮಗನ ಮನೆಯಲ್ಲಿ ತನಗೆ ಎಲ್ಲರಿಗಿಂತ ಒಳ್ಳೆಯ ಅಕ್ಕಿಯ ಅನ್ನ ಎಂದು ಪಕ್ಕದ ಮನೆಯವರ ಹತ್ತಿರ ಒಂದೆರಡು ಸಲ ಹೇಳಿಕೊಂಡರು ಕೂಡ. ಕಾಯಿಲೆಯ ವಿಷಯ ಮಾತ್ರ ಹೇಳುತ್ತಿರಲಿಲ್ಲ. ಮದುವೆಯಾಗಿ ಹೋದ ತಮ್ಮ ಮಗಳಿಗಂತೂ ತಿಳಿಯಲೇಕೂಡದು ಎಂದು ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡಿದ್ದರು. ಗೊತ್ತಾದರೆ ಅಳುತ್ತಾ ಕೂರ್ತಾಳೆ ಅನ್ನುವುದು ಅವರ ಭಯ.

ಆ ಮಗಳು ನಮ್ಮನೆಯವರಿಗೆ ಅಕ್ಕ, ನನಗೆ ಅತ್ತಿಗೆ. ಕುಣಿಗಲ್ ತಾಲ್ಲೂಕಿನಲ್ಲಿ ಮಾರ್ಕೋನಹಳ್ಳಿ ಜಲಾಶಯದ ನೀರು ಹರಿಯುವ ಕಡೆ, ಭತ್ತ ಬೆಳೆಯುವವರ ಮನೆಗೆ ಅವರನ್ನು ಕೊಟ್ಟಿದ್ದರು. ತುಂಬಿದ ಮನೆ, ಗಟ್ಟಿ ಬಾಯಿನ ಅತ್ತೆ. ಅಲ್ಲಿಂದ ಅತ್ತಿಗೆಯನ್ನು ತೌರಿಗೆ ಕಳಿಸುತ್ತಿದ್ದದ್ದು ವರ್ಷಕ್ಕೆ ಎರಡು ಸಲ, ಬೇಸಿಗೆ ರಜೆಯಲ್ಲಿ ಮತ್ತು ಗೌರಿ ಹಬ್ಬಕ್ಕೆ. ಆ ಎರಡು ಸಲಕ್ಕಾಗಿ ನಮ್ಮ ಅತ್ತೆ ಉಳಿದ ದಿನಗಳನ್ನು ದೂಡುತ್ತಿದ್ದರು. ಇದನ್ನು ನಾನು ಅನುಕಂಪದಿಂದ ಹೇಳುತ್ತಿಲ್ಲ. ಕ್ಯಾಲೆಂಡರಿನ ಮುಂದೆ ನಿಂತು ಗೌರಿ ಹಬ್ಬ ಯಾವತ್ತು ಎಂದು ಫೆಬ್ರವರಿಯಲ್ಲೇ ನನ್ನನ್ನು ಕೇಳುತ್ತಿದ್ದರು, ನನಗೆ ರೇಗುತ್ತಿತ್ತು.

ಆ ಬೇಸಿಗೆಯಲ್ಲಿ ಅತ್ತಿಗೆ ಬಂದು ಒಂದು ವಾರ ಇದ್ದು ಹೊರಟು ನಿಂತರು. ತೌರಿನಿಂದ ಹೊರಡುವ ಹೆಣ್ಣಿಗೆ ಮಡಿಲು ತುಂಬಬೇಕು. ರವಿಕೆ ಕಣ, ಬಳೆ, ಎಲೆ ಅಡಿಕೆ, ಕೊಬ್ಬರಿ, ಬೆಲ್ಲ, ಅಕ್ಕಿ. ಅತ್ತೆಗೆ ಗಂಡ ಇಲ್ಲದ್ದರಿಂದ ಅವರು ಆ ಹೊತ್ತಿಗೆ ಮುಂದೆ ಬರುವಂತಿಲ್ಲ, ತುಂಬಬೇಕಾದವಳು ನಾನು. ನಾನು ಸೋನಾ ಮಸೂರಿಯನ್ನು ಮೊರಕ್ಕೆ ಸುರಿಯುತ್ತಿದ್ದೆ. ಅತ್ತೆ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದರು.

"ಅದು ಬ್ಯಾಡ ಕಣಮ್ಮಿ. ನನ್ನ ಅಕ್ಕಿ ಹಾಕು."

"ಅದು ಕೆಂಪಗಿದೆ, ಅತ್ತೆ."

"ಇದ್ರೆ ಇರ್ಲಿ. ಮನೇಲಿ ಇರೋದ್ರಲ್ಲಿ ಒಳ್ಳೇದು ಕೊಡ್ಬೇಕು. ಬೆಲ್ಲಾನೂ ಆ ಅಂಗಡೀದೇ ಹಾಕು."

ಆ ತಿಂಗಳು ಅವರಿಗೆಂದು ತಂದ ಅಕ್ಕಿಯಲ್ಲಿ ಉಳಿದದ್ದನ್ನೆಲ್ಲ ಸುರಿಸಿದರು. ಆಮೇಲೆ ಅಡುಗೆಮನೆಯ ಬಾಗಿಲ ಹಿಂದೆ ಹೋಗಿ ನಿಂತರು. ಕರೆಂಟು ಹೋಗಿತ್ತು. ನಾನು ದೇವರ ಮುಂದೆ ಅತ್ತಿಗೆಯನ್ನು ಕೂರಿಸಿ ಸೆರಗಿಗೆ ಅಕ್ಕಿ ಹಾಕಿದೆ. ಮಡಿಲಿಗೆ ಬಿದ್ದದ್ದನ್ನು ಸಾಲದು, ಬೇಡ, ಹಾಗಿದೆ ಹೀಗಿದೆ ಎನ್ನುವ ಹಾಗಿಲ್ಲ. ಅತ್ತಿಗೆ ಒಮ್ಮೆ ತಲೆ ಬಗ್ಗಿಸಿ ನೋಡಿ, ಸೆರಗಿನ ಗಂಟು ಹಾಕಿಕೊಂಡರು. ಕಣ್ಣಲ್ಲಿ ನೀರಿತ್ತು. ತೌರು ಬಿಟ್ಟು ಹೋಗುವ ದುಃಖ ಅಂದುಕೊಂಡೆ.

ಮಡಿಲಕ್ಕಿಯನ್ನು ಅವರ ಊರಿನಲ್ಲಿ ಸುಮ್ಮನೆ ಡಬ್ಬಿಗೆ ಸುರಿಯುವುದಿಲ್ಲ. ಕೇರಿಯ ಹೆಂಗಸರನ್ನು ಕರೆದು, ಅವರ ಮುಂದೆ ಗಂಟು ಬಿಚ್ಚಿ, ಅದೇ ಅಕ್ಕಿ ಬೆಲ್ಲದಲ್ಲಿ ಸಿಹಿ ಮಾಡಿ ಎಲ್ಲರಿಗೂ ಬಡಿಸಬೇಕು. ಗದ್ದೆಯವರ ಕೇರಿ ಅದು. ನುಣ್ಣಗೆ ಪಾಲಿಶ್ ಮಾಡಿಸಿದ ಅಕ್ಕಿ ಬಿಟ್ಟು ಬೇರೆ ಉಂಡವರಲ್ಲ. ಅವರ ಮುಂದೆ ಅತ್ತಿಗೆ ಗಂಟು ಬಿಚ್ಚಿದಾಗ ಕಂಡದ್ದು ಕೆಂಪಕ್ಕಿ ಮತ್ತು ಕಪ್ಪು ಬೆಲ್ಲ. ಆ ಕಡೆ ಕಪ್ಪು ಬೆಲ್ಲವನ್ನು ದನಕ್ಕೆ ಹಾಕುತ್ತಾರೆ, ಇಲ್ಲವೇ ಭಟ್ಟಿ ಇಳಿಸುವವರು ಕೊಳ್ಳುತ್ತಾರೆ. "ತುಮಕೂರಲ್ಲಿ ಸಂಬಳ ತಗೊಳ್ಳೋರು ಮಗಳಿಗೆ ರೇಷನ್ ಅಕ್ಕಿ ತುಂಬವ್ರೆ, ನೋಡ್ರವ್ವ" ಎಂದರಂತೆ ಅತ್ತಿಗೆಯ ಅತ್ತೆ.

ಇದೆಲ್ಲ ನಮಗೆ ತಿಳಿದದ್ದು ಗೌರಿ ಹಬ್ಬದ ಹೊತ್ತಿಗೆ. ಕರೆಯಲು ಹೋದ ನಮ್ಮನೆಯವರು ಒಬ್ಬರೇ ವಾಪಸು ಬಂದರು. ಕೊಟ್ಟ ಸೀರೆಯನ್ನು ಅಕ್ಕ ತೆಗೆದುಕೊಂಡಿದ್ದರು, ಕಾಫಿ ಕೊಟ್ಟಿದ್ದರು, ಬಸ್ಸಿನವರೆಗೂ ಬಂದಿದ್ದರು. ಅಲ್ಲಿ ಬಾಯಿಬಿಟ್ಟಿದ್ದರು.

"ಬರಲ್ಲಂತೆ. ಯಾವ ಮುಖ ಇಟ್ಕೊಂಡು ತೌರಿಗೆ ಹೋಗ್ತೀನಿ ಅಂತ ಆ ಮನೇಲಿ ಕೇಳ್ಲಿ ಅಂದ್ಲು" ಎಂದು ಅವರು ಚಪ್ಪಲಿ ಬಿಡುತ್ತಲೇ ಹೇಳಿದರು.

ಅತ್ತೆ ಗೋಡೆಗೆ ಒರಗಿ ಕೂತರು. ನನಗೆ ಮೊದಲು ನಗು ಬಂತು, ಅದನ್ನು ನುಂಗಿಕೊಂಡೆ. ಇದನ್ನು ಸರಿಪಡಿಸುವುದು ಒಂದು ನಿಮಿಷದ ಕೆಲಸ ಅನ್ನಿಸಿತು. ಆ ಅಕ್ಕಿಯ ಬೆಲೆ ಎಷ್ಟು ಅಂತ ಫೋನ್ ಮಾಡಿ ಹೇಳಿಬಿಡಿ ಎಂದೆ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು.

"ಮಡಿಲಕ್ಕಿಗೆ ರೇಟ್ ಹೇಳ್ತಾರೇನಮ್ಮಿ ಯಾರಾದ್ರೂ? ಅಂಗಡಿಯವ್ರ ಮಗಳು ಅಂತ ತೋರಿಸ್ಬ್ಯಾಡ."

ಆ ಮಾತು ಚುಚ್ಚಿತು. ಹಾಗಾದರೆ ಡಾಕ್ಟರು ನಿಮಗೆ ಉಣ್ಣಲು ಹೇಳಿದ ಅಕ್ಕಿ ಅಂತಲಾದರೂ ಹೇಳೋಣ ಎಂದೆ. ಅದು ಇನ್ನೂ ಕೆಟ್ಟದ್ದಂತೆ. ಕಾಯಿಲೆಯವಳ ಪಾಲಿನ ಅಕ್ಕಿಯನ್ನು ಮುತ್ತೈದೆಯ ಮಡಿಲಿಗೆ ಹಾಕಿದರು ಎಂದು ತಿಳಿದರೆ ಆ ಮನೆಯವರು ಜನ್ಮದಲ್ಲಿ ಮಗಳನ್ನು ಇತ್ತ ಕಳಿಸುವುದಿಲ್ಲವಂತೆ. ಎರಡು ಬಾಗಿಲನ್ನೂ ಹಾಕಿಕೊಂಡು ಅತ್ತೆ ನಡುವೆ ಕೂತುಬಿಟ್ಟರು. ನಮ್ಮನೆಯವರು ಎಂದಿನಂತೆ, ಸ್ವಲ್ಪ ದಿನ ಹೋಗ್ಲಿ, ಎಂದರು.

ದಿನ ಹೋದವು, ಅತ್ತಿಗೆ ಬರಲಿಲ್ಲ. ದೀಪಾವಳಿಯಲ್ಲಿ ಫೋನ್ ಮಾಡಿದರೆ, ಕೆಲಸ ಇದೆ ಎಂದು ಇಟ್ಟುಬಿಟ್ಟರು. ನಾನು ತಿಂಗಳು ತಿಂಗಳೂ ಸಾವಯವ ಅಂಗಡಿಗೆ ಹೋಗುವುದನ್ನು ಬಿಡಲಿಲ್ಲ. ಅತ್ತೆ ಉಣ್ಣುವುದನ್ನೂ ಬಿಡಲಿಲ್ಲ, ಆದರೆ ಅಕ್ಕಿಯ ಬಗ್ಗೆ ಪಕ್ಕದ ಮನೆಯಲ್ಲಿ ಹೇಳಿಕೊಳ್ಳುವುದು ನಿಂತಿತು. ಗೌರಿ ಹಬ್ಬ ಯಾವತ್ತು ಎಂದು ನನ್ನನ್ನು ಕೇಳುವುದೂ ನಿಂತಿತು. ಅದು ನಿಂತಾಗ ನನಗೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ ಸೀರೆ ಬದಲಾಯಿಸಿಕೊಂಡು ಬಂದು, ಮಗಳಿಗೆ ಎಳ್ಳು ಕೊಟ್ಟು ಬರೋಣ, ನಡಿ ಎಂದರು. ಎಳ್ಳು ಬೀರುವುದಕ್ಕೆ ಯಾರೂ ಬೇಡ ಅನ್ನುವಂತಿಲ್ಲ. ಈ ಸಲ ಎಳ್ಳಿಗೆ ಬೆರೆಸಿದ ಬೆಲ್ಲ ಮಂಡಿಪೇಟೆಯ ಹಳದಿ ಬೆಲ್ಲ, ಅತ್ತೆಯೇ ಮುಂದೆ ನಿಂತು ಹೆಚ್ಚಿಸಿದ್ದರು. ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಇಳಿಯುವಷ್ಟರಲ್ಲಿ ಊಟದ ಹೊತ್ತಾಗಿತ್ತು.

ಬಾಗಿಲಲ್ಲಿ ಅವ್ವನನ್ನು ಕಂಡ ಅತ್ತಿಗೆ ಕಾಲಿಗೆ ನೀರು ಕೊಟ್ಟರು, ಮುಖ ಕೊಟ್ಟು ಮಾತಾಡಲಿಲ್ಲ. ಊಟಕ್ಕೆ ಕೂರಿಸಿದರು. ಅತ್ತಿಗೆಯ ಅತ್ತೆ ಎದುರಿಗೇ ಮಣೆ ಹಾಕಿಕೊಂಡು ಕೂತು, "ಉಣ್ಣಿ ಬೀಗಿತಿ, ನಮ್ಮ ಗದ್ದೇದು" ಎಂದು ಒತ್ತಿ ಹೇಳಿದರು. ಬೆಳ್ಳಗೆ ಬಿಡಿಬಿಡಿಯಾದ ಅನ್ನ. ನಮ್ಮ ಅತ್ತೆ ಅದನ್ನು ಉಂಡು ಮುಗಿಸಿ, ಇನ್ನೊಮ್ಮೆ ಹಾಕಿಸಿಕೊಂಡರು. ಮಗಳ ಕೈಯಿಂದ ಬೇಡ ಅನ್ನಲಾರದೆ ಹಾಕಿಸಿಕೊಂಡರು ಎಂದು ನನಗೆ ಗೊತ್ತಿತ್ತು. ಡಾಕ್ಟರು ನೋಡಿದರೆ ಏನನ್ನುತ್ತಿದ್ದರೋ ಎಂದು ಯೋಚಿಸುತ್ತಾ ನನ್ನ ಪಾಡಿಗೆ ಉಂಡೆ.

ಊಟವಾದ ಮೇಲೆ ಹಿತ್ತಲಲ್ಲಿ ಕೈ ತೊಳೆಯುವಾಗ ಇದ್ದದ್ದು ನಾವು ಮೂವರೇ. ಅತ್ತಿಗೆ ಚೆಂಬು ಹಿಡಿದು ನೀರು ಹಾಕುತ್ತಿದ್ದವರು ತಡೆದರು.

"ಅವ್ವ, ಆ ಅಕ್ಕಿ ಯಾಕ್ ಕೊಟ್ಟೆ ನಂಗೆ?"

"ನಾನು ಉಣ್ಣೋದು ಅದೇ ಕಣವ್ವ" ಎಂದರು ಅತ್ತೆ. "ನಾನು ಉಣ್ಣೋದ್ನೇ ನಿಂಗೂ ಕೊಟ್ಟೆ."

ಅತ್ತೆ ಹೇಳಿದ್ದರ ಅರ್ಥ, ನನ್ನ ಪಾಲಿನ ಒಳ್ಳೆಯದನ್ನು ನಿನಗೆ ಕೊಟ್ಟೆ ಎಂದು. ಅತ್ತಿಗೆ ಸ್ವಲ್ಪ ಹೊತ್ತು ಅವ್ವನ ಮುಖವನ್ನೇ ನೋಡಿದರು. ಕಾಯಿಲೆಗೆ ಬಡಕಲಾದ ಮುಖ ಅದು. ಆಮೇಲೆ ನನ್ನ ಕಡೆ ತಿರುಗಿದರು.

"ಅದ್ಕೇ ಅವ್ವ ಇವತ್ತು ಎರಡು ಸಲ ಹಾಕಿಸ್ಕೊಂಡಿದ್ದು. ನೀವುಗಳು ಏನುಣ್ತೀರಿ? ನೀವೂ ಅದೇನಾ?"

"ಇಲ್ಲ ಅತ್ತಿಗೆ, ನಾವು ಸೋನಾ ಮಸೂರಿ" ಎಂದೆ. ನಿಜವನ್ನೇ ಹೇಳಿದ್ದೆ.

ಹೇಳಿದ ಮೇಲೆ ಅದು ಹೇಗೆ ಕೇಳಿಸಿತು ಎಂದು ನನಗೆ ಹೊಳೆಯಿತು. ಅತ್ತಿಗೆಯ ಕಣ್ಣು ಕೆಂಪಾಗಿದ್ದವು. ಮಗ ಸೊಸೆ ಒಳ್ಳೇ ಅಕ್ಕಿ ಉಂಡು ಹೆತ್ತವಳಿಗೆ ರೇಷನ್ ಅಕ್ಕಿ ಬೇಯಿಸಿ ಹಾಕುತ್ತಾರೆ, ಪಾಪ, ಅವ್ವ ಇದ್ದದ್ದರಲ್ಲೇ ತನಗೆ ಕೊಟ್ಟು ಕಳಿಸಿದ್ದಾಳೆ, ತಾನು ಅವಳ ಮೇಲೆ ಮುನಿಸಿಕೊಂಡೆ. ಇಷ್ಟನ್ನೂ ಅವರು ಬಾಯಿಬಿಟ್ಟೇ ಹೇಳಿ ಅವ್ವನನ್ನು ತಬ್ಬಿಕೊಂಡು ಅತ್ತರು. ನಾನು ಬಾಯಿ ತೆಗೆದೆ. ಅತ್ತೆಯ ಒದ್ದೆ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಮಗಳ ಹೆಗಲ ಮೇಲಿಂದ ನನ್ನನ್ನು ನೋಡಿ ತಲೆಯಾಡಿಸಿದರು. ಬಾಯಿ ಮುಚ್ಚಿಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಕಾಲ ಬಳಿ ಅತ್ತಿಗೆ ಹೇರಿದ ಅಕ್ಕಿಯ ಚೀಲವಿತ್ತು. ತುಮಕೂರು ಬರುವವರೆಗೂ ನಾನು ಅತ್ತೆಯ ಜೊತೆ ಮಾತಾಡಲಿಲ್ಲ. ನನಗೆ ವಿಪರೀತ ಸಿಟ್ಟು ಬಂದಿತ್ತು. ಕಾಫಿಯಲ್ಲಿ ಚಿಕೋರಿ ಕುಡಿದು ಆ ಅಕ್ಕಿಗೆ ದುಡ್ಡು ಹೊಂದಿಸಿದ್ದು ನಾನು.

ಅದಾದ ಮೇಲೆ ಅತ್ತಿಗೆ ಪ್ರತಿ ತಿಂಗಳೂ ಬರತೊಡಗಿದರು. ಬೆಳಗಿನ ಬಸ್ಸಿಗೆ ಅಕ್ಕಿಯ ಚೀಲದೊಂದಿಗೆ ಇಳಿದು, ತಾವೇ ಅನ್ನ ಮಾಡಿ ಅವ್ವನಿಗೆ ಬಡಿಸಿ, ಸಂಜೆಯ ಬಸ್ಸಿಗೆ ಹೊರಡುತ್ತಿದ್ದರು. ಅವರ ಅತ್ತೆ ಅಡ್ಡಿ ಮಾಡಲಿಲ್ಲ. ತಾವು ಬೀಗಿತಿಗೆ ಅಕ್ಕಿ ಕಳಿಸಿ ಸಾಕುತ್ತಿದ್ದೇವೆ ಎಂದು ಕೇರಿಯಲ್ಲೆಲ್ಲ ಹೇಳಿಕೊಳ್ಳುವುದರಲ್ಲಿ ಆಕೆಗೆ ಸುಖವಿತ್ತಂತೆ. ಬಂದ ದಿನವೆಲ್ಲ ಅತ್ತಿಗೆ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದರು. ಅವರು ಬರುವ ಮೊದಲು ಕೆಂಪಕ್ಕಿಯನ್ನು ಕಣ್ಣಿಗೆ ಬೀಳದ ಹಾಗೆ ಎತ್ತಿಡುವ ಕೆಲಸ ನನ್ನದು. ಅವರು ತಂದ ಬಿಳಿ ಅಕ್ಕಿಯನ್ನು ಉಳಿದ ದಿನ ನಾವು ಮೂವರು ಉಣ್ಣುತ್ತಿದ್ದೆವು. ಮಂಡಿಪೇಟೆಯ ಅಕ್ಕಿಗೆ ಹಾಕುತ್ತಿದ್ದ ದುಡ್ಡು ಹೀಗೆ ಉಳಿದು ಸಾವಯವ ಅಂಗಡಿಯ ಖರ್ಚಿಗೆ ಸರಿಹೋಯಿತು. ಚಿಕೋರಿಯೂ ಕಡಿಮೆಯಾಯಿತು. ನಮ್ಮನೆಯವರು ಕಾಫಿ ಕುಡಿದು, ಈಗ ಪರವಾಗಿಲ್ಲ, ಎಂದರು. ಬೇರೆ ಹೊತ್ತಾಗಿದ್ದರೆ ನನಗೆ ನಗು ಬರುತ್ತಿತ್ತು.

ಒಂದು ತಿಂಗಳು ಅತ್ತಿಗೆ ಹೊರಡುವಾಗ ಬಾಗಿಲಲ್ಲಿ ನಿಂತು, ನಿನ್ನ ಮಗಳು ನಾಳೆ ನಿನಗೂ ಹೀಗೇ ಹಾಕ್ತಾಳೆ ಎಂದರು. ಅವರು ಬೀದಿ ತಿರುಗುವವರೆಗೂ ಕಾದು ನಾನು ಅತ್ತೆಯ ಮುಂದೆ ಹೋಗಿ ನಿಂತೆ.

"ಇನ್ನು ನನ್ನ ಕೈಲಿ ಆಗಲ್ಲ ಅತ್ತೆ. ನೀವು ಹೇಳ್ತೀರೋ, ನಾನು ಹೇಳ್ಲೋ?"

ಅತ್ತೆ ಎಲೆಗೆ ಸುಣ್ಣ ಸವರುತ್ತಿದ್ದರು.

"ಹೇಳು" ಎಂದರು ಸವರುತ್ತಲೇ. "ಹೇಳಿದ್ರೆ ಅಕ್ಕಿ ತರೋದು ನಿಲ್ಲಿಸ್ತಾಳೆ. ಅಕ್ಕಿ ತರಂಗಿಲ್ಲ ಅಂದ್ರೆ ತಿಂಗಳು ತಿಂಗಳೂ ಬರಕ್ಕೆ ಆ ಮನೇಲಿ ಏನಂತ ಕೇಳ್ತಾಳೆ? ಅವ್ವ ಚೆನ್ನಾಗವ್ಳೆ, ನೋಡ್ಕೊಂಡು ಬರ್ತೀನಿ ಅಂದ್ರೆ ಯಾರು ಕಳಿಸ್ತಾರೆ?"

ಅವರು ಎಲೆ ಮಡಿಸಿ ಬಾಯಿಗೆ ಹಾಕಿಕೊಂಡರು. ನಾನು ಒಳಗೆ ಹೋಗಿ ಪಾತ್ರೆ ತೊಳೆದೆ. ಸಿಟ್ಟು ಹೋಗಿರಲಿಲ್ಲ, ಆದರೆ ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ.

ಮುಂದಿನ ತಿಂಗಳು ಅತ್ತಿಗೆ ಬಂದಾಗ ಚೀಲ ಚಿಕ್ಕದಿತ್ತು. ಕಟಾವು ತಡವಾಗಿದೆ, ಮನೆಯಲ್ಲೂ ಅಕ್ಕಿ ಕಡಿಮೆ, ಇನ್ನು ಎರಡು ತಿಂಗಳು ಬರುವುದು ಕಷ್ಟವಾಗಬಹುದು ಎಂದು ಅವ್ವನ ತಟ್ಟೆಗೆ ಬಡಿಸುತ್ತಾ ಹೇಳಿದರು. ಅತ್ತೆ ಕಲಸುತ್ತಿದ್ದ ಕೈ ನಿಲ್ಲಿಸಿದರು. ಅತ್ತಿಗೆ ನನ್ನ ಕಡೆ ತಿರುಗಿ, "ಅಷ್ಟು ದಿನ ಆದ್ರೂ ನೀವು ಉಣ್ಣೋದ್ನೇ ಹಾಕಿ ಅವ್ವಂಗೆ" ಎಂದರು.

ನಾನು ಗುಬ್ಬಿಯ ದಿನಸಿ ಅಂಗಡಿಯವರ ಮಗಳು. ನಮ್ಮ ಮನೆಯಲ್ಲಿ ಯಾರ ತಟ್ಟೆಗೂ ಕಡಿಮೆ ಬಿದ್ದದ್ದಿಲ್ಲ.

"ಎಲ್ಲಿಂದ ಹಾಕ್ಲಿ ಅತ್ತಿಗೆ" ಎಂದೆ. "ಬರೋ ಸಂಬಳದಲ್ಲಿ ಎಲ್ರಿಗೂ ಒಳ್ಳೇ ಅಕ್ಕಿ ತರಕ್ಕೆ ಆಗಲ್ಲ."

ಅತ್ತಿಗೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಂಥ ನೋಟವನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

"ಬರ್ತೀನಿ ಬುಡವ್ವ" ಎಂದರು ಅವ್ವನಿಗೆ. "ಯಾರ ಹತ್ರನಾದ್ರೂ ಇಸ್ಕೊಂಡು, ತಿಂಗಳು ತಪ್ಪಿಸದೆ ತಂದ್ಕೊಡ್ತೀನಿ."

ಅತ್ತೆ ತಲೆ ಎತ್ತಲಿಲ್ಲ. ಬಿಳಿ ಅನ್ನವನ್ನು ಕಲಸಿಕೊಂಡು ಉಣ್ಣತೊಡಗಿದರು.